ನಕ್ಷೆ ಇದೆ, ನಾನೆಲ್ಲಿ?

"ಅಪ್ಪಾ, ಇದರಲ್ಲಿ ಕತೆ ಚೆನ್ನಾಗಿದೆ, ಆಡಿ ನೋಡು" ಎಂದು ಮಗಳು ಕಂಟ್ರೋಲರ್ ಕೈಗಿಟ್ಟಳು. ಕತೆ ಅಂದ್ರೆ ಸುಮ್ನೆ ಕೂತು ನೋಡೋದು ತಾನೇ ಎಂದುಕೊಂಡು ಒಪ್ಪಿದೆ. ಅಲ್ಲೇ ಎಡವಿದ್ದು.

ಈ ವಿಡಿಯೋ ಗೇಮ್ ಹೆಸರು ಹಾಲೋ ನೈಟ್. ಆಸ್ಟ್ರೇಲಿಯಾದ ಅಡಿಲೇಡ್‌ನ ಟೀಮ್ ಚೆರ್ರಿ ಎಂಬ ಪುಟ್ಟ ತಂಡ 2017ರಲ್ಲಿ ಹೊರತಂದದ್ದು. ನಾವು ಬಿಳಿ ಮುಖದ, ಎರಡು ಕೊಂಬಿನ ಪುಟಾಣಿ ಜೀವ. ನಮ್ಮ ಕತ್ತಿಗೆ ಮೊಳೆ ಎಂದೇ ಹೆಸರು. ನೆಲದಡಿಯಲ್ಲಿ ಹ್ಯಾಲೋನೆಸ್ಟ್ ಎಂಬ ಹುಳುಗಳ ರಾಜ್ಯ ಹಾಳುಬಿದ್ದಿದೆ. ಯಾಕೆ ಹಾಳಾಯಿತು ಅಂತ ಯಾರೂ ಕೂರಿಸಿಕೊಂಡು ಹೇಳುವುದಿಲ್ಲ. ಇಲ್ಲೊಂದು ಕಲ್ಲಿನ ಮೇಲಿನ ಬರಹ, ಅಲ್ಲೊಂದು ಹುಳದ ಗೊಣಗಾಟ. ಉಳಿದದ್ದು ನಮ್ಮ ತಲೆಗೆ ಬಿಟ್ಟದ್ದು.

ಮೊದಲು ನಕ್ಷೆ ಬೇಕಿತ್ತು. ಕಾರ್ನಿಫರ್ ಎಂಬವನು ನೆಲದ ತುಂಬ ಕಾಗದ ಚೆಲ್ಲಿಕೊಂಡು, ಗುನುಗುತ್ತಾ ಎಲ್ಲೋ ಮೂಲೆಯಲ್ಲಿ ಕೂತಿರುತ್ತಾನೆ. ಆ ಗುನುಗು ಹಿಡಿದು ಹೋಗಿ ನಕ್ಷೆ ಕೊಂಡೆ. ಬಿಡಿಸಿ ನೋಡಿದರೆ ಅದರಲ್ಲಿ ಎಲ್ಲ ಇದೆ, ನಾನೇ ಇಲ್ಲ! ನಾನೆಲ್ಲಿದ್ದೇನೆ ಅಂತ ತಿಳಿಯಲು ದಿಕ್ಸೂಚಿ ತಾಯಿತ ಕಟ್ಟಿಕೊಳ್ಳಬೇಕಂತೆ. ಅದು ಮೇಲಿನ ಊರಲ್ಲಿ ಅವನ ಹೆಂಡತಿ ಐಸೆಲ್ಡಾಳ ಅಂಗಡಿಯಲ್ಲಿ, 220 ಜಿಯೋ. ಜಿಯೋ ಅಂದ್ರೆ ಆಟದೊಳಗಿನ ದುಡ್ಡು. ಹೊಸದಾಗಿ ಕಂಡ ಜಾಗ ನಕ್ಷೆಗೆ ಏರಿಸಲು ಲೇಖನಿ ಬೇಕು. ಅದೂ ಅವಳ ಹತ್ತಿರವೇ. ಗಂಡ ಅರ್ಧ ಕೆಲಸ ಮಾಡಿ ಮಾರುತ್ತಾನೆ, ಮಿಕ್ಕರ್ಧ ಹೆಂಡತಿ ಮಾರುತ್ತಾಳೆ. ಸಂಸಾರ ಅಂದ್ರೆ ಹೀಗಿರಬೇಕು.

ಕತ್ತಲ ಜಾಗಗಳಿಗೆ ದೀಪ ಬೇಕು, ಬೆಲೆ 1,800 ಜಿಯೋ. ನೊಣದಂಥ ಹುಳಗಳನ್ನೆಲ್ಲ ಚುಚ್ಚಿ ಚುಚ್ಚಿ 1,740 ಕೂಡಿಸಿದೆ. ಇನ್ನು ಅರವತ್ತು ತಾನೇ, ಈ ಅಣಬೆಗಳ ನಡುವೆ ಎರಡು ಹೆಜ್ಜೆ ಹೋದರೆ ಸಿಕ್ಕೀತು ಎಂದುಕೊಂಡೆ. ಕಾಲಡಿಯ ನೆಲವೇ ಕುಸಿಯಿತು. ಬಿದ್ದದ್ದು ಡೀಪ್‌ನೆಸ್ಟ್‌ಗೆ, ಜೇಡಗಳ ಬಿಲಕ್ಕೆ. ಸುತ್ತ ಕತ್ತಲು, ಎಲ್ಲೋ ಏನೋ ಪರಪರ ಸದ್ದು. ಎದುರು ಬಂದ ಹುಳವನ್ನು ಹೊಡೆದು ಕೆಡವಿದೆ. ಉಸಿರು ಬಿಡುವಷ್ಟರಲ್ಲಿ ಆ ಹೆಣದೊಳಗಿಂದ ಉದ್ದುದ್ದ ಕಾಲುಗಳು ಹೊರಬಂದು, ಹೆಣವೇ ನನ್ನತ್ತ ಓಡಿತು! ನಾನು ಎರಡೂ ಕಾಲನ್ನು ಕುರ್ಚಿಯ ಮೇಲೆಳೆದುಕೊಂಡೆ. ಮೊಣಕಾಲು ತಾಗಿ ನೀರಿನ ಲೋಟ ಉರುಳಿತು. ನೀರು ಒರೆಸಿ ಬರುವಷ್ಟರಲ್ಲಿ ಸತ್ತಿದ್ದೆ.

ಸತ್ತರೆ ದುಡ್ಡು ಅಲ್ಲೇ ಉಳಿಯುತ್ತದೆ, ನಮ್ಮದೇ ನೆರಳು ಅದನ್ನು ಕಾಯುತ್ತಿರುತ್ತದೆ. ಹೋಗಿ ಆ ನೆರಳನ್ನು ಹೊಡೆದು ವಾಪಸ್ ಪಡೆಯಬೇಕು. ದಾರಿಯಲ್ಲೇ ಇನ್ನೊಮ್ಮೆ ಸತ್ತರೆ ಎಲ್ಲ ಗೋವಿಂದ. ನಾನು ದಾರಿಯಲ್ಲೇ ಸತ್ತೆ.

ಆಮೇಲೆ ಒಂದು ರಾತ್ರಿ ದಾರಿ ತಪ್ಪಿ ನೀಲಿ ಕೆರೆಯ ದಂಡೆಗೆ ಬಂದೆ. ಶತ್ರುವಿಲ್ಲ, ಜಿಯೋ ಇಲ್ಲ, ಬರೀ ನೀರು. ನಕ್ಷೆ ತೆಗೆದು ನೋಡಿದೆ. ಕೆರೆಯ ನೇರ ಕೆಳಗೆ ಕಣ್ಣೀರ ನಗರ. ನೆಲದಡಿ ಇದ್ದರೂ ಸದಾ ಮಳೆ ಸುರಿಯುವ ಊರದು. ಎಷ್ಟೋ ಸಲ ಅಲ್ಲಿ ನೆನೆದಿದ್ದೆ, ಮೋಡವಿಲ್ಲದ ಕಡೆ ಮಳೆ ಹೇಗೆ ಅಂತ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಕುರ್ಚಿಯಿಂದೆದ್ದು ಕೂಗಿಬಿಟ್ಟೆ: "ಮೇಲಿಂದ ಸೋರ್ತಾ ಇದೆ ಕಣೇ!"

ರಾತ್ರಿ ಒಂದು ಗಂಟೆ. ಹೆಂಡತಿ ನಿದ್ದೆಗಣ್ಣಲ್ಲಿ ಬಕೆಟ್ ಹಿಡಿದು ಓಡಿಬಂದಳು. ಸೂರು ನೋಡಿದಳು, ಟೀವಿ ನೋಡಿದಳು, ನನ್ನನ್ನು ನೋಡಿದಳು. ಬಕೆಟ್ ಅಲ್ಲೇ ಇಟ್ಟು ಹೋದಳು. ಯಾಕೆ ಇಟ್ಟಳು ಅಂತ ಕೇಳುವ ಧೈರ್ಯ ಬರಲಿಲ್ಲ.

ಮಗಳಿಗೆ ಕನಿಕರ ಬಂತು. "ದುಡ್ಡನ್ನ ಯಾಕಪ್ಪಾ ಜೊತೇಲಿ ಇಟ್ಕೊಂಡು ಓಡಾಡ್ತೀಯಾ? ಅಣಬೆ ಕಾಡಲ್ಲಿ ಬ್ಯಾಂಕ್ ಇದೆ" ಎಂದಳು. ಹೇಳುವಾಗ ಮುಖದಲ್ಲಿ ಸ್ವಲ್ಪ ನಗು ಜಾಸ್ತಿಯೇ ಇತ್ತು, ನಾನು ಗಮನಿಸಬೇಕಿತ್ತು. ಮಿಲಿಬೆಲ್ ಎಂಬಾಕೆ ಬಹಳ ಮರ್ಯಾದೆಯಿಂದ ಮಾತಾಡಿಸಿದಳು. ಬಂದದ್ದನ್ನೆಲ್ಲ ಅವಳ ಕೈಗೇ ಹಾಕುತ್ತಾ ಹೋದೆ. ಒಂದು ದಿನ ಹೋದರೆ ಮಿಲಿಬೆಲ್ಲೂ ಇಲ್ಲ, ದುಡ್ಡೂ ಇಲ್ಲ.

ಕೊನೆಗೆ ಆ ಮಳೆಯ ನಗರದಲ್ಲೇ ಸಿಕ್ಕಳು, ಬಿಸಿನೀರಿನ ಕೊಳದ ಹತ್ತಿರ ಹಾಯಾಗಿದ್ದಳು. ಮೊಳೆ ತೆಗೆದು ಒಂದು ಏಟು ಹಾಕಿದೆ. ಜಿಯೋ ಉದುರಿತು! ಇನ್ನೊಂದು, ಮತ್ತೊಂದು.

"ಇಷ್ಟು ಹೊತ್ತಲ್ಲಿ ಯಾರನ್ನ ಹೊಡೀತಿದ್ದೀರಿ?" ಒಳಗಿಂದ ಹೆಂಡತಿ ಕೇಳಿದಳು.

"ಬ್ಯಾಂಕಿನವಳನ್ನ" ಎಂದೆ.

"ಹೊಡೀರಿ" ಎಂದು ಮಗ್ಗುಲಾದಳು.