ಎಡಗಿವಿಯ ಪ್ರೀತಿ

ಕಲ್ಯಾಣಮಂಟಪಗಳಲ್ಲಿ ಗಿಟಾರ್ ನುಡಿಸಿ ಹೊಟ್ಟೆ ಹೊರೆಯುವವನು ನಾನು. ರಿಸೆಪ್ಷನ್ನಿನಲ್ಲಿ ಎಲ್ಲರೂ ಊಟದ ಸಾಲು ಎಲ್ಲಿಗೆ ಬಂತು ಅಂತ ನೋಡುತ್ತಿರುವಾಗ, ಮೂಲೆಯಲ್ಲಿ ಒಬ್ಬ ಮೆಲ್ಲಗೆ ತಂತಿ ಮೀಟುತ್ತಾ ಕೂತಿರುತ್ತಾನಲ್ಲ, ಅವನೇ. ಕೈ ನುಡಿಸುವುದು ಹಳೆಯ ಚಿತ್ರಗೀತೆ. ತಲೆಯೊಳಗೆ ಮಾತ್ರ ಮೂವತ್ತು ವರ್ಷದಿಂದ ರಮೋನ್ಸ್ ಓಡುತ್ತಿದೆ.

ನ್ಯೂಯಾರ್ಕಿನ ಕ್ವೀನ್ಸ್ ಕಡೆಯ ಹುಡುಗರು 1974ರಲ್ಲಿ ಕಟ್ಟಿದ ಪಂಕ್ ಬ್ಯಾಂಡ್ ಅದು, ಅಂದರೆ ಚಿಕ್ಕ ಚಿಕ್ಕ ಹಾಡುಗಳನ್ನು ಜೋರಾಗಿ, ವೇಗವಾಗಿ ಬಾರಿಸುವ ರಾಕ್. ಜೋಯಿ, ಜಾನಿ, ಡೀ ಡೀ, ಟಾಮಿ. ನಾಲ್ವರೂ ಹೆಸರಿಗೆ ರಮೋನ್ ಅಂತ ಸೇರಿಸಿಕೊಂಡರು. ಅಣ್ಣತಮ್ಮಂದಿರಲ್ಲ, ದೂರದ ನೆಂಟರೂ ಅಲ್ಲ. ಆದರೂ ದಾಯಾದಿಗಳ ಹಾಗೇ ಜಗಳವಾಡಿದರು. ಅದನ್ನ ಆಮೇಲೆ ಹೇಳ್ತೀನಿ.

1993ರಲ್ಲಿ ನಾನು ಮೈಸೂರಿನಲ್ಲಿ ಪಿಯುಸಿ ಓದುತ್ತಿದ್ದೆ. ಬೆಂಗಳೂರಿನ ಸೋದರಮಾವನ ಮಗ ಅವರ ಮೊದಲ ಆಲ್ಬಮ್ಮನ್ನು ಕ್ಯಾಸೆಟ್ಟಿಗೆ ತುಂಬಿಸಿ ಕೊಟ್ಟ. 1976ರದ್ದು. 14 ಹಾಡು, ಎಲ್ಲ ಸೇರಿ ಅರ್ಧ ಗಂಟೆಯೂ ಇಲ್ಲ. ನಮ್ಮ ಕಡೆ ವಿದ್ವಾಂಸರು ಒಂದು ರಾಗದ ಆಲಾಪನೆ ಮುಗಿಸುವಷ್ಟರಲ್ಲಿ ಇವರು ಮಂಗಳ ಹಾಡಿ ಮನೆ ಸೇರಿರುತ್ತಾರೆ.

ಕೇಳಲು ನನ್ನ ಹತ್ತಿರ ಇದ್ದದ್ದು ಸೆಕೆಂಡ್ ಹ್ಯಾಂಡ್ ವಾಕ್‌ಮನ್. ಅದರ ಇಯರ್‌ಫೋನಿನಲ್ಲಿ ಬಲಗಡೆಯದು ಸತ್ತಿತ್ತು. ಹೋಗಲಿ, ಎಡಗಡೆ ಇದೆಯಲ್ಲ ಅಂತ ಸುಮ್ಮನಿದ್ದೆ. ಆ ಆಲ್ಬಮ್ಮಿನಲ್ಲೇ ಒಂದು ಮಸಲತ್ತು ಇತ್ತು. ಡುಂ ಡುಂ ಅನ್ನುವ ಡೀ ಡೀಯ ಬೇಸ್ ಗಿಟಾರ್ ಪೂರ್ತಿ ಎಡಕ್ಕೆ, ಜಾನಿಯ ಗಿಟಾರ್ ಪೂರ್ತಿ ಬಲಕ್ಕೆ ಬರುವಂತೆ ರೆಕಾರ್ಡ್ ಮಾಡಿದ್ದರು. ನನಗೆ ಅದೆಲ್ಲಿ ಗೊತ್ತು? ಹೆಚ್ಚುಕಡಿಮೆ ಒಂದು ವರ್ಷ ನಾನು ಗಿಟಾರೇ ಇಲ್ಲದ ರಮೋನ್ಸ್ ಕೇಳಿದೆ. ಪಕ್ಕದ ಮನೆಯಲ್ಲಿ ಮಿಕ್ಸಿ ಓಡಿಸಿದ ಹಾಗೆ ಹಿಂದೆಲ್ಲೋ ಒಂದು ಗುಂಯ್ ಬರುತ್ತಿತ್ತು. ಕ್ಯಾಸೆಟ್ ಸರಿ ಇಲ್ಲ ಅಂದುಕೊಂಡೆ.

ಕೇಳಿದ್ದನ್ನೇ ಕಲಿತೆ. ಗಿಟಾರಿನ ಎರಡು ದಪ್ಪ ತಂತಿಯ ಮೇಲೆ ಡೀ ಡೀ ನುಡಿಸಿದ್ದನ್ನೆಲ್ಲ ಡುಂ ಡುಂ ಅಂತ ನುಡಿಸುತ್ತಿದ್ದೆ. "ಮಿಕ್ಕ ನಾಲ್ಕು ತಂತಿ ಏನು ಬಟ್ಟೆ ಒಣಗಿಹಾಕೋಕಾ?" ಅಂತ ಗೆಳೆಯನೊಬ್ಬ ಕೇಳಿದ. ಪಂಕ್ ಅಂದ್ರೆ ಹೀಗೇನೇ, ನಿನಗೆ ಅರ್ಥ ಆಗಲ್ಲ ಅಂದೆ.

ಕಣ್ಣು ತೆರೆಸಿದ್ದು, ಅಲ್ಲ, ಕಿವಿ ತೆರೆಸಿದ್ದು ರಾಮನವಮಿ. ಅಮ್ಮ ಬೆಳಿಗ್ಗೆ ಪಾನಕ ಕಲಸಿ, ಕೋಸಂಬರಿಗೆ ಸೌತೆಕಾಯಿ ಹೆಚ್ಚಿಟ್ಟು, ದೇವರ ನಾಮ ಹಾಕೋಣ ಅಂತ ಕ್ಯಾಸೆಟ್ ಹುಡುಕಿದ್ದಾಳೆ. ನನ್ನ ಮೇಜಿನ ಮೇಲೆ ಒಂದು ಸಿಕ್ಕಿದೆ. ಮಾವನ ಮಗ ಅದರ ಮೇಲೆ ದಪ್ಪ ಇಂಗ್ಲಿಷ್ ಅಕ್ಷರದಲ್ಲಿ ಬ್ಯಾಂಡಿನ ಹೆಸರು ಬರೆದಿದ್ದ. ಅಮ್ಮ ಒಂದೊಂದೇ ಅಕ್ಷರ ಕೂಡಿಸಿ ಓದಿ, ಟೂ-ಇನ್-ವನ್‌ಗೆ ಹಾಕಿ, ವಾಲ್ಯೂಮ್ ಜಾಸ್ತಿ ಮಾಡಿ ಒತ್ತಿದಳು. ಅದು ಒಂದೇ ಸ್ಪೀಕರಿನ ಡಬ್ಬ. ಎಡ, ಬಲ ಎರಡನ್ನೂ ಕಲಸನ್ನ ಮಾಡಿ ಕೊಡುತ್ತಿತ್ತು.

ನಾನು ಬಚ್ಚಲಲ್ಲಿದ್ದೆ. ಗರಗಸ ಹಾಕಿ ಮನೆಯ ತೊಲೆ ಕುಯ್ದ ಹಾಗೆ ಸದ್ದು ಬಂತು. ಮೈಯೆಲ್ಲ ಸೋಪು, ಟವೆಲ್ ಸುತ್ತಿಕೊಂಡು ಓಡಿ ಬಂದೆ. ಎದುರುಮನೆ ಅಜ್ಜಿ ಪಾನಕದ ಲೋಟ ಹಿಡಿದುಕೊಂಡು ಕಲ್ಲಿನ ಹಾಗೆ ಕೂತಿದ್ದರು.

"ಏನೋ ಇದು ಕರ್ಮ? ರಾಮೋ ಅಂತ ಇತ್ತು ಕಣೋ! ಸಂಸ್ಕೃತ ಅಂದ್ಕೊಂಡೆ" ಅಂದಳು ಅಮ್ಮ.

"ಅಮ್ಮಾ, ಇದ್ರಲ್ಲಿ ಗಿಟಾರ್ ಇದೆ!" ಅಂದೆ ನಾನು.

ಆಮೇಲೆ ಜಾನಿಯ ಹುಚ್ಚು ಹಿಡಿಯಿತು. ಅವನು ತಂತಿಯನ್ನು ಮೇಲಿನಿಂದ ಕೆಳಕ್ಕೆ ಮಾತ್ರ ಹೊಡೆಯುತ್ತಿದ್ದ. ನಮ್ಮಂಥವರು ಕೆಳಕ್ಕೊಂದು, ಮೇಲಕ್ಕೊಂದು ಹೊಡೆದು ಕೈಗೆ ಸುಖ ಕೊಡುತ್ತೇವೆ. ಅವನು ಬರೀ ಕೆಳಕ್ಕೆ, ಅದೂ ಆ ವೇಗದಲ್ಲಿ. ಎರಡು ವಾರ ಅಭ್ಯಾಸ ಮಾಡಿದ್ದಕ್ಕೆ ಮಣಿಕಟ್ಟು ಊದಿಕೊಂಡಿತು. "ಹೇಗೂ ಕೈ ಆಡಿಸ್ತೀಯ, ಎರಡು ಕಾಯಾದ್ರೂ ತುರಿದುಕೊಡು" ಅಂದಳು ಅಮ್ಮ.

ಕಸುಬಿಗೆ ಇಳಿದ ಮೇಲೂ ಈ ಪ್ರೀತಿ ಸುಮ್ಮನಿರಲಿಲ್ಲ. ಒಂದು ರಿಸೆಪ್ಷನ್. ವಧೂವರರು ಬಾಗಿಲಿನಿಂದ ವೇದಿಕೆಯವರೆಗೆ ಹೂವಿನ ಮೇಲೆ ನಿಧಾನವಾಗಿ ನಡೆದು ಬರಬೇಕು, ಅದಕ್ಕೆ ಒಂದು ಮೆಲುವಾದ ಪ್ರೇಮಗೀತೆ. ಡ್ರಮ್ಮರ್ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದ. ಹಾಡಿನ ವೇಗ ಹೇಳುವ ಕೌಂಟ್ ನೀನೇ ಕೊಡು ಅಂದರು. ಪ್ರತಿ ಹಾಡಿಗೂ ಮುಂಚೆ ಡೀ ಡೀ ಮೈಕಿನಲ್ಲಿ ಒನ್‌ಟೂತ್ರೀಫೋರ್ ಅಂತ ಒಂದೇ ಉಸಿರಿಗೆ ಕೂಗುತ್ತಿದ್ದ. ನನ್ನ ಬಾಯಿಂದ ಬಂದದ್ದೂ ಅದೇ. ಕೀಬೋರ್ಡಿನವರು ನಂಬಿ ಹಿಂದೆಯೇ ಓಡಿದರು. ಗಾಯಕರು ಚರಣದಲ್ಲಿ ಉಸಿರಿಗೆ ಒದ್ದಾಡಿದರು. ಮದುಮಗಳು ಗಾಬರಿಯಾಗಿ ನೆರಿಗೆ ಎತ್ತಿ ಹಿಡಿದು ವೇದಿಕೆಗೆ ಓಡಿಯೇ ಬಂದಳು. ಮದುಮಗ ಇನ್ನೂ ಬಾಗಿಲ ಹತ್ತಿರ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದ. ಆವತ್ತಿನ ದುಡ್ಡು ಅರ್ಧಕ್ಕೆ ಇಳಿಯಿತು.

ಜಗಳದ ಕತೆ ಬಾಕಿ ಇದೆ ಅಲ್ವಾ. ಜೋಯಿ ಪ್ರೀತಿಸಿದ್ದ ಹುಡುಗಿ ಕಡೆಗೆ ಜಾನಿಯನ್ನು ಮದುವೆಯಾದಳು. ಆಮೇಲೂ ಇಬ್ಬರೂ ವರ್ಷಗಟ್ಟಲೆ ಒಂದೇ ವ್ಯಾನಿನಲ್ಲಿ ಊರೂರು ಸುತ್ತಿದರು, ಒಂದು ಮಾತಿಲ್ಲದೆ. 1996ರಲ್ಲಿ ನಿಲ್ಲಿಸುವ ಹೊತ್ತಿಗೆ ಬ್ಯಾಂಡಿನ ಲೆಕ್ಕ 2,263 ಕಾರ್ಯಕ್ರಮ. ನನಗೆ ಇದರಲ್ಲಿ ಅಚ್ಚರಿ ಏನೂ ಕಾಣಲಿಲ್ಲ. ನಮ್ಮ ಆರ್ಕೆಸ್ಟ್ರಾ ಟೆಂಪೋದಲ್ಲೂ ಕೀಬೋರ್ಡಿನವರಿಗೂ ಗಾಯಕರಿಗೂ ಏಳು ವರ್ಷದಿಂದ ಮಾತಿಲ್ಲ. ಕಾರಣ ಹುಡುಗಿಯಲ್ಲ, ಒಂದು ಒಬ್ಬಟ್ಟು. ಇಬ್ಬರ ನಡುವೆ ಕೂತ ನನಗೆ, "ಅವರಿಗೆ ಕಿಟಕಿ ಮುಚ್ಚೋಕೆ ಹೇಳಪ್ಪ", "ಸೆಕೆ ಆಗ್ತಿದೆ ಅಂತ ಹೇಳಪ್ಪ".

2001ರಲ್ಲಿ ಜೋಯಿ ಹೋದ. ಆಮೇಲೆ ಡೀ ಡೀ, ಜಾನಿ, ಕಡೆಗೆ 2014ರಲ್ಲಿ ಟಾಮಿಯೂ. ಒಬ್ಬೊಬ್ಬರು ಹೋದಾಗಲೂ ನಾನು ಯಾವುದೋ ಮಂಟಪದಲ್ಲಿ ಯಾರದೋ ಮದುವೆಗೆ ನುಡಿಸುತ್ತಿದ್ದೆ.

ಮೊನ್ನೆ ಮಗಳ ಜೊತೆ ಬಸ್ಸಿನಲ್ಲಿ ಬೆಂಗಳೂರಿಗೆ ಹೊರಟಿದ್ದೆ. ಅವಳೂ ಗಿಟಾರ್ ಕಲಿಯುತ್ತಿದ್ದಾಳೆ. ಮದ್ದೂರು ದಾಟಿದ ಮೇಲೆ ಅದೇ ಆಲ್ಬಮ್ ಹಾಕಿ, ಇಯರ್‌ಫೋನಿನ ಒಂದು ತುದಿ ಅವಳಿಗೆ ಕೊಟ್ಟು ಇನ್ನೊಂದು ನಾನು ಇಟ್ಟುಕೊಂಡೆ. ಮೂರು ಹಾಡು ತಲೆ ಆಡಿಸಿಕೊಂಡು ಕೇಳಿದಳು. ನಾಲ್ಕನೆಯದಕ್ಕೆ ಹುಬ್ಬು ಗಂಟಿಕ್ಕಿದಳು.

"ಅಪ್ಪಾ, ಚೆನ್ನಾಗೇನೋ ಇದೆ. ಆದ್ರೆ ಇವ್ರ ಹತ್ರ ಗಿಟಾರೇ ಇಲ್ವಾ?"

ಬಲಗಿವಿಯಲ್ಲಿ ಜಾನಿ ಗರಗಸ ಎಳೆಯುತ್ತಿದ್ದ. ರಾಮನಗರ ಬರಲಿ, ಆಮೇಲೆ ಹೇಳಿದರಾಯಿತು ಅಂತ ಸುಮ್ನೆ ಕೂತೆ.