ತಿಳಿಯಾಗದ ಪೇರಲ ವೈನು

ಪೇರಲ ಹಣ್ಣಿನ ವೈನು ಹುದುಗೆದ್ದು, ನೊರೆ ಇಳಿದು, ಗುಳ್ಳೆಗಳೂ ನಿಂತು ವಾರಗಳೇ ಕಳೆದರೂ ಧಾರವಾಡದ ನಮ್ಮ ಅಡುಗೆಮನೆಯ ಕಟ್ಟೆಯ ಮೇಲಿರುವ ಗಾಜಿನ ಭರಣಿ ಅಕ್ಕಿ ತೊಳೆದ ನೀರು ತುಂಬಿಟ್ಟಂತೆಯೇ ಕಾಣುತ್ತಿದೆ. ರುಚಿಯಲ್ಲಿ ದೋಷವಿಲ್ಲ; ಆದರೆ ಲೋಟಕ್ಕೆ ಬಗ್ಗಿಸಿ ಅತಿಥಿಗಳ ಮುಂದಿಟ್ಟರೆ ಅವರು ಕುಡಿಯುವುದನ್ನು ಬಿಟ್ಟು ನಮ್ಮ ಯೋಗಕ್ಷೇಮ ವಿಚಾರಿಸತೊಡಗುತ್ತಾರೆ.

ಕಾರಣ ಪೆಕ್ಟಿನ್. ಪೇರಲದಲ್ಲಿ ಧಾರಾಳವಾಗಿರುವ, ಜೆಲ್ಲಿಯನ್ನು ಗಟ್ಟಿಗೊಳಿಸುವ ಈ ವಸ್ತು ಹಣ್ಣನ್ನು ಕುದಿಸಿದಾಗ ರಸಕ್ಕಿಳಿದು ಮಬ್ಬಾಗಿ ನಿಂತುಬಿಡುತ್ತದೆ. ಕುದಿಸಲೇಬೇಕೆಂದು ಹಟ ಹಿಡಿದವರು ನಮ್ಮ ಮಾವನವರು ಎಂಬುದನ್ನು ದಾಖಲಿಸದೆ ಮುಂದೆ ಹೋಗಲಾರೆ. ಒಂದಿಷ್ಟು ವೈನಿಗೆ ಅದರ ಮೂರು ನಾಲ್ಕು ಪಟ್ಟು ಸ್ಪಿರಿಟ್ ಬೆರೆಸಿದಾಗ ಎಳೆಎಳೆಯಾಗಿ ಲೋಳೆ ಕಟ್ಟಿ ಪೆಕ್ಟಿನ್ ತನ್ನ ಇರವನ್ನು ಒಪ್ಪಿಕೊಂಡಿತು. ಅದನ್ನು ಒಡೆಯುವ ಪೆಕ್ಟಿನೇಸ್ ಕಿಣ್ವ ಮದ್ಯಸಾರ ಏರಿದ ಮೇಲೆ ನಿಧಾನವಾಗಿ ಕೆಲಸ ಮಾಡುತ್ತದೆಯಾದರೂ ತರಿಸಿ ಹಾಕಿದ್ದೇನೆ.

ಈ ನಡುವೆ, ಫ್ರಾನ್ಸಿನ ಬೋರ್ಡೋದಲ್ಲಿ ಕೆಂಪು ವೈನನ್ನು ಮೊಟ್ಟೆಯ ಬಿಳಿಯಿಂದ ತಿಳಿಗೊಳಿಸುವ ರೂಢಿಯಿದೆ ಎಂದು ಊಟದ ಹೊತ್ತಿನಲ್ಲಿ ಹೇಳಿದೆ. ಅದು ಒಗರು ಕೊಡುವ ಟ್ಯಾನಿನ್ನನ್ನು ಹಿಡಿದು ತಳ ಸೇರುತ್ತದೆ, ಪೆಕ್ಟಿನ್‌ಗೆ ಉಪಯೋಗವಿಲ್ಲ ಎಂದು ಮುಗಿಸುವಷ್ಟರಲ್ಲಿ ಅತ್ತೆಯವರು ಎದ್ದು ಹೋಗಿದ್ದರು. ಮದ್ಯವನ್ನು ‘ಹಣ್ಣಿನ ರಸ’ವೆಂದು ಕರೆದು ಕಣ್ಣು ಮುಚ್ಚಿಕೊಂಡಿದ್ದ ಮಡಿಯ ಮನೆ ಮೊಟ್ಟೆಯ ಹೆಸರು ಕೇಳಿದ್ದೇ ಪೂರ್ತಿ ಎಚ್ಚರಗೊಂಡಿತು. ಪ್ರೋಟೀನಿನ ಮಬ್ಬನ್ನು ಇಳಿಸುವ ಬೆಂಟೊನೈಟ್ ಎಂಬ ಜೇಡಿಮಣ್ಣಿಗೆ ಮಾತ್ರ ಯಾರ ಆಕ್ಷೇಪಣೆಯೂ ಬರಲಿಲ್ಲ.

ಇನ್ನು ಬೇಕಾದುದು ಒಂದೇ: ಭರಣಿಯನ್ನು ಯಾರೂ ಮುಟ್ಟಬಾರದು. ಮಾವನವರು ಬೆಳಗಿನ ತಿರುಗಾಟ ಮುಗಿಸಿ ಬಂದವರು ತಲೆಯ ಮೇಲಿನ ಟೊಪ್ಪಿಗೆಯನ್ನೂ ತೆಗೆಯದೆ ನೇರವಾಗಿ ಅಡುಗೆಮನೆಗೆ ಹೋಗುತ್ತಾರೆ. ಭರಣಿಯನ್ನು ಎರಡೂ ಕೈಗಳಿಂದೆತ್ತಿ ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಬೆರಳ ಗೆಣ್ಣಿನಿಂದ ಬಡಿದು, ಕೊನೆಗೆ ಚೆನ್ನಾಗಿ ಕುಲುಕುತ್ತಾರೆ. ರಾತ್ರಿಯಿಡೀ ಇಳಿದ ಗಸಿಯೆಲ್ಲ ಸುರುಳಿ ಸುತ್ತುತ್ತ ಭರಣಿಯ ಕುತ್ತಿಗೆಯವರೆಗೆ ಏರುವುದನ್ನು ಕಂಡು, “ಅಳಿಯಂದ್ರ, ಇನ್ನೂ ತಿಳಿ ಆಗವಲ್ದಲ್ರೀ!” ಎಂದು ಮರುಗುತ್ತಾರೆ. ಮಳೆಗಾಲದ ರಾಡಿ ನೀರಿಗೆ ತಿಕ್ಕುವಂತೆ ಇದಕ್ಕೂ ಪಟಕ ತಿಕ್ಕಬೇಕೆಂಬ ಸಲಹೆಯೂ ಸಿಗುತ್ತದೆ. ‘ಅಲುಗಾಡಿಸಬಾರದು’ ಎಂದು ಚೀಟಿ ಬರೆದು ಅಂಟಿಸಿದೆ. ಕನ್ನಡಕ ಸಿಗಲಿಲ್ಲವೆಂದು, ಆ ಚೀಟಿಯನ್ನು ಓದುವುದಕ್ಕಾಗಿ ಭರಣಿಯನ್ನೇ ಕಿಟಕಿಗೆ ಒಯ್ದರು.

ಗಟ್ಟಿಯಾಗಿ ಬೈಯುವಂತೆಯೂ ಇಲ್ಲ. ಕೆಲಗೇರಿಯ ಕಡೆ ಅವರಿಗೊಂದು ಪೇರಲ ತೋಟವಿತ್ತು. ಈಗ ಅಲ್ಲಿ ಪ್ಲಾಟುಗಳಾಗಿವೆ. ಬಿರಡೆ ಸಡಿಲಿಸಿ ವಾಸನೆ ನೋಡುವಾಗ ಅವರು ಸ್ವಲ್ಪ ಹೊತ್ತು ಯಾರೊಡನೆಯೂ ಮಾತನಾಡುವುದಿಲ್ಲ.

ಕಳೆದ ವಾರ ಅವರು ಗದಗಿನ ಮಗಳ ಮನೆಗೆ ಹೋದರು. ಮೇಲಿನಿಂದ ನಾಲ್ಕು ಬೆರಳಿನಷ್ಟು ವೈನು ಹೊಂಬಣ್ಣಕ್ಕೆ ತಿರುಗಿದ್ದನ್ನು ಕಂಡು, ರಬ್ಬರ್ ನಳಿಕೆಯಿಂದ ಗಸಿ ಕದಡದಂತೆ ಬೇರೆ ಭರಣಿಗೆ ಇಳಿಸಿಕೊಳ್ಳಲು ನಾನು ಸಿದ್ಧನಾಗುತ್ತಿದ್ದಾಗ ಅವರ ಫೋನು ಬಂತು. ಎತ್ತಿದವನು ನನ್ನ ಮಗ. “ಭರಣಿ ಒಂದೀಟು ಅಲ್ಲಾಡಿಸಿ ನೋಡಲೇ, ತಳದಾಗ ಏನರ ಉಳದದೇನು?” ಎಂದು ಅಜ್ಜ ಕೇಳಿದರಂತೆ. ನನ್ನ ಮಾತನ್ನು ಮೂರು ಸಲ ಹೇಳಿಸಿಕೊಳ್ಳದೆ ಕೇಳದ ಹುಡುಗ ಅಜ್ಜನ ಮಾತನ್ನು ಆ ಕ್ಷಣವೇ, ಎರಡೂ ಕೈಗಳಿಂದ ಪಾಲಿಸಿದ.