ಸಾಲ್ಮನ್ ಜುಟ್ಟಿಗೆ ಮಲ್ಲಿಗೆ

ಕೊನೆಗೂ ಸಾಧಿಸಿಬಿಟ್ಟೆವು. ಅಂಟಾರ್ಕ್ಟಿಕಾ ಕಡಲಿನಲ್ಲಿ ಕ್ರಿಲ್ ಎಂಬ ಸಿಗಡಿಯಂಥ ಪುಟ್ಟ ಜೀವಿಯನ್ನು ಹಿಡಿಯುವ ಕೋಟಾ 2025ರ ಆಗಸ್ಟ್ ಹೊತ್ತಿಗೇ ಖಲಾಸ್! ನವೆಂಬರ್ ಕೊನೆಯವರೆಗೆ ಸಾಗಬೇಕಿದ್ದ ಹಂಗಾಮಿಗೆ ನಡುವೆಯೇ ಬೀಗ. ನೈಋತ್ಯ ಅಟ್ಲಾಂಟಿಕ್ ಭಾಗಕ್ಕೆ ಹಾಕಿದ್ದ 6.2 ಲಕ್ಷ ಟನ್ ಮಿತಿಯನ್ನು ಮುಟ್ಟಿದ್ದು ಇದೇ ಮೊದಲಂತೆ. ಮನುಷ್ಯ ಸೋಮಾರಿ ಅನ್ನುವವರು ಇನ್ನು ಬಾಯಿ ಮುಚ್ಚಿಕೊಂಡಿರಲಿ.

ಹಿಡಿದದ್ದಾದರೂ ಏನನ್ನು? ಕಿರುಬೆರಳಿನಷ್ಟು ಉದ್ದ, ಮಹಾ ಅಂದರೆ 2 ಗ್ರಾಂ ತೂಕ. ಕಪ್ಪು ಗುಂಡುಪಿನ್ನಿನಂಥ ಎರಡು ಕಣ್ಣು, ಗಾಜಿನಂಥ ಮೈ. ತಿಂದ ಪಾಚಿ ಹೊಟ್ಟೆಯಲ್ಲಿ ಹಸಿರಾಗಿ ಹೊರಗಿನಿಂದಲೇ ಕಾಣುತ್ತದೆ. ಇಷ್ಟು ಪಾರದರ್ಶಕವಾಗಿ ಉಣ್ಣುವವರು ಸಾರ್ವಜನಿಕ ಜೀವನದಲ್ಲಿ ಯಾರಿದ್ದಾರೆ ಹೇಳಿ. ಉಪವಾಸದಲ್ಲೂ ಇದು ಗಟ್ಟಿಗ. ಪ್ರಯೋಗಶಾಲೆಯಲ್ಲಿ 200ಕ್ಕೂ ಹೆಚ್ಚು ದಿನ ಏನೂ ತಿನ್ನದೆ ಬದುಕಿದೆ. ಹೊಟ್ಟೆಗಿಲ್ಲದಾಗ ಚಿಪ್ಪು ಕಳಚಿದ ಹಾಗೆಲ್ಲ ಮೈಯನ್ನೇ ಕುಗ್ಗಿಸಿಕೊಳ್ಳುತ್ತದೆ. ಒಂದು ವಾರ ಡಯಟ್ ಮಾಡಿ ಎಂಟನೇ ದಿನ ಸೋಲುವ ನಾವು ಈ ಮಹಾತಪಸ್ವಿಯನ್ನು ಹಿಂಡಿ ಎಣ್ಣೆ ತೆಗೆದು, ಆರೋಗ್ಯಕ್ಕೆಂದು ನುಂಗುತ್ತಿದ್ದೇವೆ.

ಮೊದಮೊದಲು ಉದ್ದೇಶ ಘನವಾಗಿಯೇ ಇತ್ತು. 1970ರ ದಶಕದಲ್ಲಿ ದೊಡ್ಡವರೆಲ್ಲ ಕೂತು ಲೆಕ್ಕ ಹಾಕಿದರು. ತಿಮಿಂಗಿಲಗಳನ್ನು ಕೊಂದು ಮುಗಿಸಿದ್ದೇವಲ್ಲ, ಅವು ತಿನ್ನಬೇಕಿದ್ದ ಕ್ರಿಲ್ ಉಳಿದಿರಲೇಬೇಕು. ಅದರಿಂದ ಜಗತ್ತಿನ ಹಸಿವು ನೀಗಿಸೋಣ! ಮನೆಯವರನ್ನು ಮುಗಿಸಿ ಅವರ ಪಾಲಿನ ಊಟವನ್ನು ದಾನ ಮಾಡುವ ಈ ಧರ್ಮಬುದ್ಧಿ ಎಲ್ಲರಿಗೂ ಬರುವಂಥದ್ದಲ್ಲ. ಸೋವಿಯತ್ ಹಡಗುಗಳು ಸಾಲುಗಟ್ಟಿ ಹೊರಟವು. 'ಓಕಿಯನ್' ಅಂತ ಕ್ರಿಲ್ ಪೇಸ್ಟ್ ಕೂಡ ತಯಾರಾಯಿತು.

ಕ್ರಿಲ್ ಮಾತ್ರ ಸಹಕರಿಸಲಿಲ್ಲ. ಬಲೆಯಿಂದ ಮೇಲೆ ಬಂದದ್ದೇ ತಡ, ಅದರ ಹೊಟ್ಟೆಯೊಳಗಿನ ಕಿಣ್ವಗಳು ಅದರ ಮೈಯನ್ನೇ ಕರಗಿಸಲು ಶುರುಮಾಡುತ್ತವೆ. ಚಿಪ್ಪಿನಲ್ಲಿರುವ ಫ್ಲೋರೈಡ್ ಮೆಲ್ಲಗೆ ಮಾಂಸಕ್ಕೆ ಇಳಿಯುತ್ತದೆ. ಮನುಷ್ಯ ತಿನ್ನಬೇಕೆಂದರೆ ಕೆಲವೇ ಗಂಟೆಗಳಲ್ಲಿ, ಹಡಗಿನಲ್ಲೇ, ಚಿಪ್ಪು ಬೇರ್ಪಡಿಸಬೇಕು. ಎರಡು ಗ್ರಾಂ ಜೀವಿಯ ಚಿಪ್ಪು, ಅದೂ ಟನ್ನುಗಟ್ಟಲೆ!

ಹಸಿದವರ ಫೈಲು ಅಲ್ಲಿಗೆ ಮುಚ್ಚಿತು. ಹಡಗುಗಳು ಮಾತ್ರ ನಿಲ್ಲಲಿಲ್ಲ. ಈಗ ಬಲೆಗೆ ಪೈಪು ಜೋಡಿಸಿ ಎಡೆಬಿಡದೆ ಹೀರುವ ಹಡಗುಗಳೂ ಇವೆ. ಹೀರಿದ್ದರ ಬಹುಪಾಲು ಹಿಟ್ಟಾಗಿ ಸಾಕಿದ ಮೀನುಗಳ ಬಾಯಿಗೆ ಹೋಗುತ್ತದೆ. ಸಾಲ್ಮನ್ ಮೀನಿಗೆ ಕೆಂಬಣ್ಣ ಕೊಡುವ ಅಸ್ಟಾಕ್ಸಾಂಥಿನ್ ಇದರಲ್ಲಿದೆಯಂತೆ, ತಟ್ಟೆಯಲ್ಲಿ ಚೆಂದ ಕಾಣಬೇಕಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂತಾರೆ. ಇಲ್ಲಿ ಹಿಟ್ಟು ಯಾರದೋ, ಜುಟ್ಟು ಇನ್ಯಾರದೋ. ಮಿಕ್ಕಿದ್ದರಲ್ಲಿ ನಾಯಿ ಬೆಕ್ಕುಗಳಿಗಿಷ್ಟು, ಒಮೆಗಾ-3 ಗುಳಿಗೆಗಿಷ್ಟು.

ಕಾವಲಿಗೆ ಅಂಟಾರ್ಕ್ಟಿಕಾ ಕಡಲಜೀವಿಗಳ ಸಂರಕ್ಷಣೆಯ ಅಂತರರಾಷ್ಟ್ರೀಯ ಆಯೋಗವಿದೆ, ಇಲ್ಲವೆನ್ನಬೇಡಿ. 1982ರಿಂದ ಇದೆ, ಕಚೇರಿ ಆಸ್ಟ್ರೇಲಿಯಾದ ಟಾಸ್ಮೇನಿಯಾದ ಹೋಬಾರ್ಟ್‌ನಲ್ಲಿ. ಎಲ್ಲ ಸದಸ್ಯ ದೇಶಗಳೂ ಹೂಂ ಅಂದರೆ ಮಾತ್ರ ತೀರ್ಮಾನ, ಒಬ್ಬರು ಊಹೂಂ ಅಂದರೂ ಬಿತ್ತು. ಹಡಗು ಕಳಿಸುವ ದೇಶಗಳೂ ಅಲ್ಲೇ ಕೂತಿರುತ್ತವೆ. ಎಲ್ಲರೂ ಒಂದೇ ಜಾಗಕ್ಕೆ ಮುತ್ತಬೇಡಿ, ಹಂಚಿಕೊಂಡು ಹಿಡಿಯಿರಿ ಅಂತ ಒಂದು ನಿಯಮವಿತ್ತು. 2024ರ ಸಭೆಯಲ್ಲಿ ಅದನ್ನು ಮುಂದುವರಿಸಲು ಒಮ್ಮತ ಬರಲಿಲ್ಲ, ನಿಯಮ ಬಿದ್ದುಹೋಯಿತು. ಮುಂದಿನದು ಗೊತ್ತೇ ಇದೆ.

ಕಡಲಲ್ಲಿ ಕೋಟಿಗಟ್ಟಲೆ ಟನ್ ಕ್ರಿಲ್ ಇದೆ, ಇದೆಲ್ಲ ಚಿಲ್ಲರೆ ಅನ್ನುತ್ತಾರೆ. ಇರಬಹುದು ಸ್ವಾಮಿ. ಆದರೆ ಪೆಂಗ್ವಿನ್ ಮರಿಗೆ ತುತ್ತು ತರಬೇಕಾದದ್ದು ತನ್ನ ದಡದ ನೀರಿನಿಂದ, ನಿಮ್ಮ ಒಟ್ಟು ಮೊತ್ತದಿಂದಲ್ಲ. ಕಳೆದ ಶತಮಾನದಲ್ಲಿ ದಕ್ಷಿಣ ಗೋಳಾರ್ಧದ ಕಡಲುಗಳಲ್ಲಿ ಸುಮಾರು 20 ಲಕ್ಷ ತಿಮಿಂಗಿಲಗಳನ್ನು ಕೊಂದೆವು. ಅಳಿದುಳಿದವು ಈಗಷ್ಟೇ ಚೇತರಿಸಿಕೊಂಡು ಉಣ್ಣಲು ಬರುತ್ತಿವೆ. ಬಂದರೆ ಅಲ್ಲಿ ನಾವು, ಪೈಪು ಹಿಡಿದುಕೊಂಡು. 2021ರಲ್ಲಿ ಮೂರು ಗೂನುಬೆನ್ನಿನ ತಿಮಿಂಗಿಲಗಳು ಕ್ರಿಲ್ ಬಲೆಗಳಿಗೇ ಸಿಕ್ಕಿ ಸತ್ತವು. ಇದರಲ್ಲಿ ನಗಿಸುವಂಥದ್ದೇನೂ ನನಗೆ ಸಿಗಲಿಲ್ಲ.

ಗುಳಿಗೆ ಕಡುಗೆಂಪು ಬಣ್ಣದ್ದು, ನೋಡಲು ಮುದ್ದಾಗಿದೆ. ಮೀನು ವಾಸನೆಯ ತೇಗು ಬರುವುದಿಲ್ಲ ಅಂತ ಜಾಹೀರಾತಿನಲ್ಲಿ ಖಾತ್ರಿ ಬೇರೆ ಕೊಟ್ಟಿದ್ದಾರೆ.